ಶಿವನಿಗೆ ಒಂದು

ಚರ್ಚಿನ ಪೀಠದ ಬಟ್ಟೆಗಳನ್ನು ಒಗೆಯುವಾಗ ಮೊದಲ ನೀರನ್ನು ಚರಂಡಿಗೆ ಚೆಲ್ಲಬಾರದು. ಪೂಜೆಯಲ್ಲಿ ಪರಮಪ್ರಸಾದವೆಂಬ ರೊಟ್ಟಿಯ ಕೆಳಗೆ ಹಾಸುವ ಬಟ್ಟೆ ಅದು. ಕಣ್ಣಿಗೆ ಕಾಣದ ಒಂದು ಚೂರು ಅದರ ನೂಲಿನಲ್ಲಿ ಉಳಿದಿದ್ದರೂ ಆ ಚೂರಿನಲ್ಲಿ ಕ್ರಿಸ್ತಸ್ವಾಮಿ ಇಡಿಯಾಗಿ ಇರುತ್ತಾರೆ ಎಂದು ನಾವು ನಂಬಿದವರು. ಆದ್ದರಿಂದ ಆ ನೀರನ್ನು ಯಾರೂ ತುಳಿಯದ ಕಡೆ ಮಣ್ಣಿಗೆ ಹುಯ್ಯಬೇಕು. ತರೀಕೆರೆಯ ನಮ್ಮ ಚಿಕ್ಕ ಚರ್ಚಿನ ಹಿಂದೆ ಒಂದು ದಾಸವಾಳದ ಗಿಡವಿತ್ತು. ಹನ್ನೆರಡು ವರ್ಷ ಅದರ ಬುಡಕ್ಕೇ ಹುಯ್ದಿದ್ದೆ.

ಆ ಹನ್ನೆರಡು ವರ್ಷದಲ್ಲಿ ನಾನು ಮಾತ್ರ ಒಂದು ಸಲವೂ ಪ್ರಸಾದ ತೆಗೆದುಕೊಂಡಿರಲಿಲ್ಲ. ಎಲ್ಲರೂ ಎದ್ದು ಸಾಲಾಗಿ ಹೋಗುವಾಗ ನಾನು ಹಿಂದಿನ ಕಂಬದ ಹತ್ತಿರ ಮಂಡಿಯೂರಿಕೊಂಡೇ ಇರುತ್ತಿದ್ದೆ.

೧೯೮೩ರ ಶ್ರಾವಣ. ಸೋಮವಾರ ಬೆಳಿಗ್ಗೆ ಆ ಗಿಡದ ಹತ್ತಿರ ಬಟ್ಟೆ ಹಿಂಡುತ್ತಿದ್ದಾಗ ರೈಲ್ವೆ ಪೋರ್ಟರ್ ಅಂಜಿನಪ್ಪ ಏದುಸಿರು ಬಿಡುತ್ತ ಬಂದ.

"ಚೌರಮ್ಮಾ, ಶಿವನಿ ಸ್ಟೇಷನ್ನಿಂದ ಫೋನು. ಅವ್ರು ಬೀರೂರಿಗೆ ಹೇಳಿ, ಬೀರೂರ್ನೋರು ನಮಗೆ ಹೇಳವ್ರೆ. ಗ್ಯಾಂಗ್‌ಮನ್ ರಾಯಪ್ಪನ ಹೆಂಡ್ತಿಗೆ ವಾಂತಿ ನಿಂತೈತಂತೆ, ಪ್ರಸಾದ ಬೇಕಂತೆ. ಸಂಜೆ ತಂಕ ಉಳಿಯೋದು ಕಷ್ಟ ಅಂತ ಡಾಕ್ಟ್ರು ಅಂದವ್ರಂತೆ. ಯಾವ ದೇವಸ್ಥಾನದ ಪ್ರಸಾದ ಅಂತ ನಮ್ ಸ್ಟೇಷನ್ ಮಾಸ್ಟ್ರು ಕೇಳುದ್ರೆ, ‘ನಿಮ್ಮೂರ ಫಾದರ್‌ಗೆ ಗೊತ್ತು’ ಅಂದ್ರಂತೆ."

"ಒಳಗೆ ಹೋಗಿ ಹೇಳಪ್ಪ," ಎಂದೆ. ನನ್ನ ಕೈಯಲ್ಲಿದ್ದ ಬಟ್ಟೆ ಬಕೆಟ್ಟಿಗೆ ಜಾರಿತ್ತು.

ರಾಯಪ್ಪನ ಹೆಂಡತಿ ಇನ್ನಾಸಮ್ಮ ನನ್ನ ಒಡಹುಟ್ಟಿದ ಅಕ್ಕ. ಹನ್ನೆರಡು ವರ್ಷದಿಂದ ಅವಳು ನನ್ನ ಜೊತೆ ಮಾತು ಬಿಟ್ಟಿದ್ದಳು.

ಅದು ಹೀಗಾಯಿತು. ೧೯೭೧ರಲ್ಲಿ ಅವರು ಕಡೂರಿನ ರೈಲ್ವೆ ವಸತಿಯಲ್ಲಿದ್ದರು. ಮದುವೆಯಾಗಿ ಹದಿನಾಲ್ಕು ವರ್ಷದ ಮೇಲೆ ಅಕ್ಕ ಬಸಿರಾಗಿದ್ದಳು. ಗಂಡ ತೀರಿಕೊಂಡು ಒಬ್ಬಳೇ ಇದ್ದ ನಾನು ಬಾಣಂತನ ಮಾಡಲು ಹೋಗಿದ್ದೆ. ಏಳು ತಿಂಗಳಿಗೇ ಹೆರಿಗೆಯಾಯಿತು. ಗಂಡು ಮಗು. ಎರಡು ಅಂಗೈಗೆ ಸಾಕಾಗುವಷ್ಟು. ಸೂಲಗಿತ್ತಿ ಲಿಂಗಮ್ಮ ಅದರ ಎದೆಗೆ ಕಿವಿ ಇಟ್ಟು ಕೇಳಿ, ನನ್ನ ಕಡೆ ತಿರುಗಿದಳು.

"ಹೆಚ್ಗೆ ಹೊತ್ತಿಲ್ಲ ಕಣವ್ವ. ನಿಮ್ ದೇವ್ರುದು ಏನಾರ ಮಾಡೋದಿದ್ರೆ ಈಗ್ಲೇ ಮಾಡ್ಬಿಡು."

"ಚೌರೀ, ನೀರು ಹಾಕೇ," ಎಂದಳು ಅಕ್ಕ.

ಮಗುವನ್ನು ನಮ್ಮ ಮತಕ್ಕೆ ಸೇರಿಸುವ ಜ್ಞಾನಸ್ನಾನವನ್ನು ಚರ್ಚಿನ ಗುರುಗಳು ಕೊಡಬೇಕು. ಆದರೆ ಸಾವು ಎದುರಿಗೆ ನಿಂತಾಗ ಯಾರು ಬೇಕಾದರೂ ಕೊಡಬಹುದು. ತಲೆಯ ಮೇಲೆ ನೀರು ಹುಯ್ಯುತ್ತ, ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ ಎನ್ನಬೇಕು. ಅಷ್ಟೇ. ನನಗೆ ಅದು ಬಾಯಿಪಾಠವಿತ್ತು. ಚೊಂಬು ಕೈಯಲ್ಲೇ ಇತ್ತು. ಆದರೆ ಒಂದು ಮಾತು ಹಿಂದುಮುಂದಾದರೆ? ಓದು ಬರಹವಿಲ್ಲದವಳು, ರಕ್ತ ಮೆತ್ತಿದ ಕೈ, ನಾನು ಹುಯ್ದ ನೀರು ದೇವರಿಗೆ ಸಲ್ಲುತ್ತದೆಯೇ? ಚೊಂಬನ್ನು ಮಂಚದ ಪಕ್ಕ ಇಟ್ಟೆ. "ಉಪದೇಶೀನ ಕರ್ಕೊಂಡ್ ಬತ್ತೀನಿ" ಎಂದು ಓಡಿದೆ. ಗುರುಗಳಿಲ್ಲದ ಊರಿನಲ್ಲಿ ಜಪ ಹೇಳಿಕೊಡುವವರು ಉಪದೇಶಿ. ಅವರ ಮನೆ ರೈಲ್ವೆ ಗೇಟಿನ ಆಚೆ. ಗೇಟು ಹಾಕಿತ್ತು. ಗೂಡ್ಸ್ ಗಾಡಿಯೊಂದು ಮುಗಿಯುವುದೇ ಇಲ್ಲವೇನೋ ಎಂಬಂತೆ ಡಬ್ಬಿ ಡಬ್ಬಿಯಾಗಿ ಹೋಗುತ್ತಿತ್ತು.

ಉಪದೇಶಿಯವರ ಜೊತೆ ವಾಪಸು ಬರುವ ಹೊತ್ತಿಗೆ ಲಿಂಗಮ್ಮ ಮಗುವಿನ ಮುಖಕ್ಕೆ ಬಟ್ಟೆ ಮುಚ್ಚುತ್ತಿದ್ದಳು. ನೀರು ಬೀಳದ ಮಗುವನ್ನು ಕ್ರೈಸ್ತರ ಸ್ಮಶಾನದ ಬೇಲಿಯೊಳಗೆ ಹೂಳುವಂತಿಲ್ಲ ಎಂದು ಉಪದೇಶಿ ಹಟ ಹಿಡಿದರು. ಬೇಲಿಯಾಚೆ ಹೊಂಗೆ ಮರದ ಕೆಳಗೆ ಗುಂಡಿ ತೋಡಿದರು.

ಅಕ್ಕ ಅಳಲಿಲ್ಲ, ಬೈಯಲಿಲ್ಲ. ತುಂಬಿದ ಚೊಂಬು ಇಟ್ಟಲ್ಲೇ ಇತ್ತು. ಅದನ್ನು ನೋಡಿ, "ನೀರು ಇಲ್ಲೇ ಇತ್ತಲ್ಲೇ," ಎಂದಳು. ಗೋಡೆ ಕಡೆ ಮುಖ ತಿರುಗಿಸಿ ಮಲಗಿದಳು. ಅದೇ ಕೊನೆ ಮಾತು. ಭಾವನಿಗೆ ಶಿವನಿಗೆ ವರ್ಗವಾದ ಮೇಲೆ ನಾಲ್ಕು ಸಲ ಹೋಗಿದ್ದೆ. ಭಾವ ಕಾಫಿ ಕೊಡುತ್ತಿದ್ದರು. ಅಕ್ಕ ಅಡಿಗೆ ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ.

ಮುನಿಸಿಕೊಂಡವರ ಜೊತೆ ರಾಜಿಯಾಗದೆ ಪ್ರಸಾದಕ್ಕೆಂದು ಪೀಠದ ಹತ್ತಿರ ಹೋಗಬಾರದು ಎಂದು ಚಿಕ್ಕಂದಿನಲ್ಲೇ ಕಲಿತಿದ್ದೆ. ಬಂದ ಗುರುಗಳೆಲ್ಲ, ಅದು ನಿನ್ನ ಪಾಪವಲ್ಲ, ಮಗು ದೇವರ ಕೈಯಲ್ಲಿದೆ ಎಂದರು. ಅವರು ಹೇಳಿದರೆ ಆಯಿತೇ? ಅಕ್ಕ ಹೇಳಬೇಕಿತ್ತು.

ಅಂಜಿನಪ್ಪ ಹೊರಟುಹೋದ ಮೇಲೆ ಕೈ ಒರೆಸಿಕೊಂಡು ಒಳಗೆ ಹೋದೆ. ಫಾದರ್ ಮೊಂತೇರೊ ಮಂಗಳೂರಿನ ಕಡೆಯವರು. ಬಲಗಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು, ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದರು. ಶುಕ್ರವಾರ ಅವರೇ ಶಿವನಿಗೆ ಹೋಗಿ ಅಕ್ಕನ ಪಾಪನಿವೇದನೆ ಕೇಳಿ, ಹಣೆಗೆ ಕೈಗೆ ರೋಗಿಗಳಿಗೆ ಹಚ್ಚುವ ಪವಿತ್ರ ಎಣ್ಣೆ ಹಚ್ಚಿ ಬಂದಿದ್ದರು. ನೀರು ಕುಡಿದರೂ ವಾಂತಿಯಾಗುತ್ತಿದ್ದುದರಿಂದ ಪ್ರಸಾದ ಕೊಟ್ಟಿರಲಿಲ್ಲ. ಬರುವಾಗ ಕೆಸರಿನಲ್ಲಿ ಮೋಟಾರ್‌ಸೈಕಲ್ ಜಾರಿ ಕಾಲು ಮುರಿದಿತ್ತು.

"ಚೌರಮ್ಮ, ನೀವು ಹೋಗಬೇಕು," ಎಂದರು.

"ನಾನಾ? ನಾನು ಮುಟ್ಟೋದಾ ಸ್ವಾಮಿ?"

"ಮತ್ತೆ ಯಾರುಂಟು ಹೇಳಿ? ಚಿಕ್ಕಮಗಳೂರಿನಿಂದ ಇನ್ನೊಬ್ಬರು ಬರುವಾಗ ನಾಳೆ ಆಗ್ತದೆ. ಅಗತ್ಯ ಬಿದ್ದರೆ ಹೀಗೆ ಕಳಿಸಲಿಕ್ಕೆ ಅಪ್ಪಣೆ ಉಂಟು. ನಾನು ಹುಟ್ಟಿಸಿ ಹೇಳುವುದಲ್ಲ."

"ನಮ್ಮಕ್ಕ ನನ್ನ ಕೈಯಿಂದ ತಗೊಳಲ್ಲ."

"ಅವರು ಕೇಳಿದ್ದು ನಿಮ್ಮನ್ನಲ್ಲ ಮಾರಾಯ್ತಿ. ಯಾರನ್ನು ಕೇಳಿದ್ದಾರೋ ಅವರನ್ನು ಕೊಂಡುಹೋಗಿ."

ನನ್ನ ಹೆಗಲು ಹಿಡಿದುಕೊಂಡು, ಒಂದೇ ಕಾಲಿನಲ್ಲಿ ಕುಂಟುತ್ತ ಪೀಠದ ಹತ್ತಿರ ಬಂದರು. ಪ್ರಸಾದದ ಪೆಟ್ಟಿಗೆಯ ಬೀಗ ತೆಗೆದು, ಬಿಳಿಯ ಬಿಲ್ಲೆಯಂಥ ಒಂದು ರೊಟ್ಟಿಯನ್ನು ಚಿಕ್ಕ ಬೆಳ್ಳಿ ಡಬ್ಬಿಯಲ್ಲಿಟ್ಟರು. ಡಬ್ಬಿಯನ್ನು ಬಿಳಿ ಬಟ್ಟೆಯ ಚೀಲಕ್ಕೆ ಹಾಕಿ, ಅದರ ದಾರವನ್ನು ನನ್ನ ಕೊರಳಿಗೆ ಹಾಕಿದರು. ನಾನು ಸೆರಗು ಹೊದ್ದುಕೊಂಡೆ.

"ದಾರಿಯಲ್ಲಿ ಮಾತು ಬೇಡ. ಎದೆಯ ಮೇಲೆ ಯಾರಿದ್ದಾರೆ ಅಂತ ನೆನಪಿರಲಿ. ಅಲ್ಲಿ ಹೋಗಿ ಇದನ್ನು ಎತ್ತಿ ಹಿಡಿದು ‘ಕ್ರಿಸ್ತರ ಶರೀರ’ ಅನ್ನಿ. ಅವರು ‘ಆಮೆನ್’ ಅಂದರೆ ಬಾಯಿಗೆ ಕೊಡಿ. ಅಷ್ಟೇ."

"ಆಮೆನ್ ಅನ್ನದಿದ್ರೆ?"

ಫಾದರ್ ಪೆಟ್ಟಿಗೆಗೆ ಬೀಗ ಹಾಕಿದರು. "ವಾಪಸು ತನ್ನಿ."

ದಾರಿಯಲ್ಲಿ ಮಾತು ಬೇಡ ಎಂದರೆ ಹರಟೆ ಬೇಡ ಎಂದು ಅವರ ಅರ್ಥ. ನಾನು ಒಂದು ಮಾತೂ ಕೂಡದು ಎಂದುಕೊಂಡೆ. ಟಿಕೆಟ್ ಕೇಳುವುದು ಹೇಗೆ? ಆ ವರ್ಷ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತಿದ್ದೆ. ಹಳೆಯ ಕ್ಯಾಲೆಂಡರಿನ ಹಿಂದೆ ದಪ್ಪಗೆ ‘ಶಿವನಿಗೆ ಒಂದು’ ಎಂದು ಬರೆದು, ಹರಿದು, ಮುಷ್ಟಿಯಲ್ಲಿ ಹಿಡಿದುಕೊಂಡೆ.

ರೈಲಿಗೆ ಹೋದರೆ ಬೀರೂರಿನಲ್ಲಿ ಇಳಿದು ಕಾಯಬೇಕು. ಅಜ್ಜಂಪುರದ ಬಸ್ಸು ಹೊರಡಲು ಸಿದ್ಧವಾಗಿತ್ತು, ಹತ್ತಿದೆ. ನಿಲ್ಲಲೂ ಜಾಗವಿರಲಿಲ್ಲ. ಒಬ್ಬನ ಮೊಣಕೈ ನನ್ನ ಎದೆಗೆ ತಾಗುವಂತಿತ್ತು. ಎರಡು ಕೈಯನ್ನೂ ಡಬ್ಬಿಯ ಮೇಲೆ ಮುಚ್ಚಿಕೊಂಡು, ಕಂಬಕ್ಕೆ ಬೆನ್ನು ಕೊಟ್ಟು ನಿಂತೆ. ಕಂಡಕ್ಟರ್ ನನ್ನ ಚೀಟಿಯನ್ನು ಓದಿ ನಕ್ಕ.

"ಶಿವನಿಗೆ ಒಂದಾ? ಈ ಬಸ್ಸು ಶಿವನಿಗೆ ಹೋಗಲ್ಲ ಕಣಮ್ಮ, ಅಜ್ಜಂಪುರಕ್ಕೇ ಲಾಸ್ಟು. ಅಲ್ಲಿಳಿದು ಬೇರೆ ಬಸ್ಸು ಹತ್ತು. ಯಾಕೆ, ಬಾಯಿಲ್ವಾ?"

ತಲೆಯಾಡಿಸಿದೆ. ಹೌದು ಎಂದೋ ಇಲ್ಲ ಎಂದೋ ನನಗೇ ಗೊತ್ತಾಗಲಿಲ್ಲ.

"ಶ್ರಾವಣ ಸೋಮವಾರ, ಮೌನವ್ರತ ಇರ್ಬೇಕು ಬಿಡಪ್ಪ," ಎಂದಳು ಸೀಟಿನಲ್ಲಿ ಕೂತಿದ್ದ ಒಬ್ಬಳು ದಪ್ಪನೆಯ ಹೆಂಗಸು, ಹಣೆ ತುಂಬ ವಿಭೂತಿ. ನನ್ನ ಕೊರಳಿನ ಬಿಳಿ ದಾರವನ್ನೂ ಎದೆಯ ಮೇಲಿನ ಉಬ್ಬನ್ನೂ ನೋಡಿದಳು. ತಟ್ಟನೆ ಪಕ್ಕಕ್ಕೆ ಸರಿದು ಜಾಗ ಮಾಡಿದಳು. "ಬನ್ರವ್ವ, ಕೂತ್ಕೊಳ್ರಿ. ಲೇ ತಮ್ಮಾ, ಆ ಚೀಲ ಎತ್ಕೊ, ಅವ್ರ ಮೈಮೇಲೆ ಬೀಳ್ಬೇಡ. ಲಿಂಗ ಐತೆ, ಕಾಣಾಕಿಲ್ವಾ?"

ಅವಳ ಹೆಸರು ಕರಿಬಸಮ್ಮ, ಅಜ್ಜಂಪುರದವಳು. ಲಿಂಗವಂತರು ತಮ್ಮ ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಹೀಗೆಯೇ ಕೊರಳಿಗೆ ಕಟ್ಟಿಕೊಳ್ಳುತ್ತಾರೆ. ನನ್ನನ್ನೂ ಅವರ ಪೈಕಿ ಎಂದುಕೊಂಡಿದ್ದಳು. ತನ್ನ ಸೆರಗು ಸರಿಸಿ ತನ್ನ ಕರಡಿಗೆ ತೋರಿಸಿದಳು. "ನಮ್ಮತ್ತೆ ಕೊಟ್ಟಿದ್ದು. ನಿಮ್ದು ಯಾವ ಮಠ? ಹೂಂ, ಮಾತಾಡಂಗಿಲ್ಲ, ಮರ್ತೆ." ಒಬ್ಬಳೇ ಕೇಳಿ, ಒಬ್ಬಳೇ ಉತ್ತರ ಹೇಳಿಕೊಂಡು ಬಂದಳು. ಬಸ್ಸಿನಲ್ಲಿದ್ದವರೆಲ್ಲ ನನ್ನಿಂದ ಒಂದು ಗೇಣು ದೂರ ನಿಂತರು. ಸ್ವಾಮಿಗೆ ಜಾಗವಾಯಿತು ಎಂದು ಒಂದು ಕಡೆ ಸಮಾಧಾನ. ಇನ್ನೊಂದು ಕಡೆ, ಬಾಯಿ ಮುಚ್ಚಿಕೊಂಡು ಕೂತೇ ಸುಳ್ಳು ಹೇಳುತ್ತಿದ್ದೇನೆಯೇ ಎಂದು ಬೆವರು. ಡಬ್ಬಿ ಬಡಿದುಕೊಳ್ಳುತ್ತಿತ್ತು. ಅದು ಬಸ್ಸಿನ ಕುಲುಕಾಟವೋ ನನ್ನ ಎದೆಯೋ ತಿಳಿಯಲಿಲ್ಲ.

ಅಜ್ಜಂಪುರದಲ್ಲಿ ಇಳಿದಾಗ ಹನ್ನೊಂದೂಮುಕ್ಕಾಲು. ನಿಲ್ದಾಣದಲ್ಲಿ ಒಂದೇ ಬಸ್ಸಿತ್ತು. ಕ್ಲೀನರ್ ಬಾಗಿಲು ಬಡಿಯುತ್ತ "ಹೊಸದುರ್ಗ, ಹೊಸದುರ್ಗ, ಹೊಸದುರ್ಗ" ಎಂದು ಕೂಗುತ್ತಿದ್ದ. ಬಸ್ಸಿನ ಹಣೆಯ ಬೋರ್ಡನ್ನು ಅಕ್ಷರ ಅಕ್ಷರ ಕೂಡಿಸಿ ಓದಿದೆ. ಹೊ, ಸ, ದು, ರ್ಗ. ನಾನು ಹೋಗಬೇಕಾದ ಊರಲ್ಲ. ಶಿವನಿಗೆ ಹೋಗುತ್ತದಾ ಎಂದು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಕೇಳಲಿಲ್ಲ. ಬಸ್ಸು ಹೊರಟು ತಿರುವಿನಲ್ಲಿ ಹೊರಳಿದಾಗ ಅದರ ಬೆನ್ನ ಮೇಲೆ ಚಿಕ್ಕದಾಗಿ ಬರೆದಿದ್ದು ಕಂಡಿತು: ವಯಾ ಶಿವನಿ.

ಓಡಿದೆ. ಕೈ ಬೀಸಿದೆ. ಕೂಗಲಿಲ್ಲ. ಬಸ್ಸು ಹೋಯಿತು. ಗೋಡೆಯ ಮೇಲಿನ ವೇಳಾಪಟ್ಟಿ ನೋಡಿದರೆ ಮುಂದಿನದು ನಾಲ್ಕು ಗಂಟೆಗೆ.

ಸಂಜೆ ತಂಕ ಉಳಿಯೋದು ಕಷ್ಟ ಎಂದಿದ್ದ ಅಂಜಿನಪ್ಪ.

ನನ್ನ ಮುಖ ನೋಡಿಯೋ ಏನೋ ಕರಿಬಸಮ್ಮ ಮನೆ ದಾರಿ ಹಿಡಿದವಳು ವಾಪಸು ಬಂದಳು. ನನ್ನ ಮುಷ್ಟಿಯಿಂದ ಚೀಟಿ ಬಿಡಿಸಿಕೊಂಡು, ಪಕ್ಕದ ಟೀ ಅಂಗಡಿಯವನ ಮುಂದೆ ಹಿಡಿದಳು.

"ತೀರ್ಥಪ್ಪ, ಏನ್ ಬರ್ದೈತೆ ನೋಡೋ ಇದ್ರಾಗೆ."

ತೀರ್ಥಪ್ಪ ಚೀಟಿಯನ್ನು ದೂರ ಹಿಡಿದು, ಹತ್ತಿರ ಹಿಡಿದು ಓದಿದ. "ಶಿವನಿಗೆ ಒಂದು ಅಂತ ಐತೆ. ಒಂದು ಏನು ಅಂತ ಬರ್ದಿಲ್ಲ."

"ಅದೇ ನಾನಂದಿದ್ದು! ಶಿವನಿಗೆ ಏನೋ ಹರಕೆ ಹೊತ್ಕೊಂಡವ್ರೆ."

"ಶಿವನಿ ಊರಿನ ಹೆಸ್ರಿರ್ಬೇಕು ಕಣಕ್ಕ."

"ಆ ಕಂಡಕ್ಟ್ರೂ ಹಂಗೇ ಅಂದ್ಕೊಂಡ. ಊರಿಗೆ ಹೋಗೋರಾದ್ರೆ ಬಾಯಲ್ಲಿ ಕೇಳಲ್ವೇನೋ? ಈಗಿನ್ನೂ ಆ ಊರಿನ ಬಸ್ಸೇ ಹೋಯ್ತಲ್ಲ, ಹತ್ತುದ್ರಾ? ಹರಕೆ ಕಣೋ ಇದು. ಬನ್ರವ್ವ."

ನಾನು ಚೀಟಿಯನ್ನು ತೋರಿಸಿದೆ, ರಸ್ತೆಯನ್ನು ತೋರಿಸಿದೆ. ಕೈಸನ್ನೆ ಮಾಡಿದಷ್ಟೂ ಅವಳಿಗೆ ಭಕ್ತಿ ಹೆಚ್ಚಾಯಿತು. ರಟ್ಟೆ ಹಿಡಿದುಕೊಂಡು ನಿಲ್ದಾಣದ ಹಿಂದಿನ ಈಶ್ವರನ ಗುಡಿಗೆ ಕರೆದೊಯ್ದಳು. ಕಟ್ಟೆಯ ಮೇಲೆ ನನ್ನನ್ನು ಕೂರಿಸಿ, ಬೋರ್‌ವೆಲ್ ಒತ್ತಿ, ಒಂದು ಚೊಂಬು ನೀರು ತಂದಿಟ್ಟಳು.

"ಬೆಳಗ್ಗಿಂದ ದಾರೀಲೇ ಇದೀರಿ, ಲಿಂಗಕ್ಕೆ ನೀರು ಬಿದ್ದಿಲ್ಲ. ಕರಡಿಗೆ ತಗೀರಿ. ನಾನೇ ನೀರು ಹಾಕ್ತೀನಿ."

ಮಡಿಯಿಂದ ಕೈ ತೊಳೆದುಕೊಂಡು, ನನ್ನ ಕೊರಳಿನ ದಾರಕ್ಕೆ ಕೈ ಚಾಚಿದಳು.

ನಾನು ನೋಡುತ್ತಿದ್ದುದು ಆ ಚೊಂಬನ್ನು. ತುಂಬಿ, ಅಂಚಿನಲ್ಲಿ ನೀರು ನಡುಗುತ್ತಿತ್ತು. ಕಡೂರಿನ ಮನೆಯ ಮಂಚದ ಪಕ್ಕ ನಾನಿಟ್ಟು ಓಡಿದ ಚೊಂಬೇ ಎದ್ದು ಬಂದು ಕೂತ ಹಾಗಿತ್ತು. ಅಂದು ಮಾತು ತಪ್ಪೀತೆಂದು ಹೆದರಿ ನೀರು ಹುಯ್ಯಲಿಲ್ಲ. ಇಂದು ಮಾತಾಡಿದರೆ ತಪ್ಪೆಂದು ಹೆದರಿ ಬಸ್ಸು ಬಿಟ್ಟೆ. ಅಂದು ಸಾಯುತ್ತಿದ್ದುದು ಅಕ್ಕನ ಮಗು, ಇಂದು ಅಕ್ಕ.

"ಮುಟ್ಬೇಡ್ರವ್ವಾ!"

ಕೂಗಿಯೇಬಿಟ್ಟೆ. ಗುಡಿಯ ಮೇಲಿನ ಪಾರಿವಾಳ ಹಾರಿದವು. ಕರಿಬಸಮ್ಮ ಕೈ ಹಿಂದಕ್ಕೆ ತೆಗೆದು ಎದೆ ಹಿಡಿದುಕೊಂಡಳು.

"ಅಯ್ಯೋ ಶಿವನೇ, ವ್ರತ ಮುರ್ದೋಯ್ತಲ್ಲ!"

"ವ್ರತ ಅಲ್ಲ ಕಣ್ರವ್ವ. ನಾನು ನಿಮ್ಮೋಳಲ್ಲ, ಕ್ರಿಸ್ತರೋಳು. ಇದು ಕರಡಿಗೆ ಅಲ್ಲ. ಶಿವನಿ ಸ್ಟೇಷನ್ನಲ್ಲಿ ನಮ್ಮಕ್ಕ ಸಾಯ್ತಾ ಅವ್ಳೆ. ಇದರೊಳಗೆ ನಮ್ಮ ಸ್ವಾಮಿ ಇದಾರೆ. ಉಸಿರಿರೋ ಹೊತ್ತಿಗೆ ಅವಳ ಬಾಯಿಗೆ ಹಾಕ್ಬೇಕು. ಮಾತಾಡ್ಬೇಡ ಅಂದಿದ್ರು, ಅದಕ್ಕೆ ಬಸ್ಸೂ ಕೇಳ್ದೆ ನಿಂತ್ಕೊಂಡೆ."

ತನ್ನ ಇಷ್ಟಲಿಂಗದ ಕರಡಿಗೆಯನ್ನು ನನ್ನಂಥವಳಿಗೆ ತೋರಿಸಿದ್ದಳು. ಬೈಯುತ್ತಾಳೆ, ಜನ ಸೇರಿಸುತ್ತಾಳೆ ಎಂದುಕೊಂಡೆ. ಅವಳು ನನ್ನ ಎದೆಯ ಮೇಲಿನ ಉಬ್ಬನ್ನೇ ನೋಡುತ್ತಿದ್ದಳು.

"ಇದ್ರೊಳಗೆ ನಿಮ್ ದೇವ್ರು ಅವ್ನಾ? ಪಟದಾಗೆ ಇದ್ದಂಗಲ್ಲ, ದಿಟವಾಗ್ಲೂ?"

ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಹನ್ನೆರಡು ವರ್ಷ ಆ ಬಟ್ಟೆ ಒಗೆದು, ಆ ನೀರನ್ನು ಗಿಡಕ್ಕೆ ಹುಯ್ದವಳು ನಾನು. ನನ್ನ ಬಾಯಲ್ಲಿ ನಾನೇ ಈ ಮಾತು ಕೇಳಿರಲಿಲ್ಲ.

"ದಿಟವಾಗ್ಲೂ ಇದಾರೆ," ಎಂದೆ.

"ದೇವ್ರುನ್ನ ಎದೆ ಮೇಲೆ ಇಟ್ಕೊಂಡು, ಬಸ್ಸು ಕೇಳಕ್ಕೆ ಹೆದರ್ಕೊಂಡ್ಯೇನೇ ಮೂದೇವಿ!" ಬಹುವಚನ ಅಲ್ಲಿಗೆ ಮುಗಿಯಿತು. ಚೊಂಬಿನ ನೀರನ್ನು ಗುಡಿಯ ಬಿಲ್ವದ ಬುಡಕ್ಕೆ ಹುಯ್ದು, ನನ್ನ ಕೈ ಹಿಡಿದು ಎಬ್ಬಿಸಿದಳು. "ಲೇ ಷಡಕ್ಷರೀ!"

ಷಡಕ್ಷರಿ ಅವಳ ಅಣ್ಣನ ಮಗ, ಮೂವತ್ತು ದಾಟಿದವನು. ಎದುರಿನ ಗೊಬ್ಬರದ ಅಂಗಡಿಯ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಬೀಡಿ ಸೇದುತ್ತಿದ್ದ.

"ಗೊಬ್ಬರ ತುಂಬ್ಬೇಕು ಕಣತ್ತೆ," ಎಂದ.

"ಗೊಬ್ಬರ ಎಲ್ಲೂ ಓಡೋಗಲ್ಲ. ಟ್ರೇಲರ್ ಬಿಚ್ಚು, ಬರೀ ಇಂಜಿನ್ ತಗೊಂಡು ಹೋಗು, ಬೇಗ ಹೋಯ್ತದೆ. ಮೆಲ್ಲಗೆ ಕಣೋ, ಅವ್ಳ ಕೊರಳಾಗೆ ದೇವ್ರು ಅವ್ನೆ."

"ಯಾವ ದೇವ್ರು?"

"ಕೇಳಿದ್ ಬಾಡಿಗೆ ಕೊಡ್ತಾನೆ, ಹೊರಡೋ!"

ಚಕ್ರದ ಮೇಲಿನ ಮಡ್‌ಗಾರ್ಡಿನ ಮೇಲೆ ಕೂತೆ. ಒಂದು ಕೈಯಲ್ಲಿ ಕಬ್ಬಿಣ, ಒಂದು ಕೈಯಲ್ಲಿ ಡಬ್ಬಿ. ಶಿವನಿ ಏಳೆಂಟು ಮೈಲಿ. ರಸ್ತೆಯಲ್ಲಿ ಗುಂಡಿಗಳೇ ಹೆಚ್ಚು. ಎಲ್ಲೋ ಅರ್ಧ ದಾರಿಯಲ್ಲಿ ಇಂಜಿನ್ ಕೆಮ್ಮಿ ನಿಂತಿತು. ಷಡಕ್ಷರಿ ಇಳಿದು, ಡೀಸೆಲ್ ಪೈಪು ಬಾಯಿಂದ ಊದಿ, ಉಗಿದು, ಮತ್ತೆ ಊದಿದ. ನಾನು ಇಳಿದು ಮುಂದಕ್ಕೆ ನಡೆಯತೊಡಗಿದೆ. ಎರಡು ಫರ್ಲಾಂಗ್ ನಡೆದಾಗ ಟ್ರ್ಯಾಕ್ಟರ್ ಓಡಿಸಿಕೊಂಡು ಹಿಂದಿನಿಂದ ಬಂದು, "ಹತ್ತವ್ವ, ನಡ್ಕೊಂಡ್ ಹೋದ್ರೆ ನಮ್ಮತ್ತೆ ನನ್ನ ಬಿಡ್ತಾಳಾ?" ಎಂದ.

ಶಿವನಿ ಸ್ಟೇಷನ್ ತಲುಪಿದಾಗ ಒಂದೂವರೆ. ಹಳಿಯ ಪಕ್ಕದ ಹೆಂಚಿನ ಮನೆಯ ಬಾಗಿಲಲ್ಲಿ ಭಾವ ಕೂತಿದ್ದರು. ನನ್ನನ್ನು ಕಂಡು ಎದ್ದರು.

"ನೀನಾ? ಫಾದರ್ ಬರ್ಲಿಲ್ವಾ?"

"ಅವ್ರ ಕಾಲು ಮುರ್ದೈತೆ ಭಾವ. ನನ್ನ ಕೈಲಿ ಕಳಿಸವ್ರೆ. ಅಕ್ಕ?"

"ಅವ್ಳೆ. ಈಗ್ಲೋ ಆಗ್ಲೋ." ಬಾಗಿಲಿನಿಂದ ಸರಿಯಲಿಲ್ಲ. "ಚೌರೀ, ನಿನ್ನ ನೋಡಿ ಬ್ಯಾಡ ಅಂದ್ಬಿಟ್ರೆ?"

"ವಾಪಸ್ ತಗೊಂಡೋಗ್ತೀನಿ."

ಭಾವ ದಾರಿ ಬಿಟ್ಟರು. ಒಳಗೆ ಸ್ಟೂಲಿನ ಮೇಲೆ ಬಿಳಿ ಪಂಚೆ ಹಾಸಿ, ಮೇಣದಬತ್ತಿ ಹಚ್ಚಿಟ್ಟಿದ್ದರು. ಮಂಚದ ಮೇಲೆ ಅಕ್ಕ ಅರ್ಧಕ್ಕರ್ಧ ಆಗಿದ್ದಳು. ಹೆಜ್ಜೆ ಸಪ್ಪಳಕ್ಕೆ ಕಣ್ಣು ಬಿಟ್ಟಳು. ಗುರುಗಳನ್ನು ಹುಡುಕಿದಳು. ಕಂಡದ್ದು ನಾನು. ಮೆಲ್ಲಗೆ ಗೋಡೆ ಕಡೆ ಮುಖ ತಿರುಗಿಸಿದಳು. ಕಡೂರಿನಲ್ಲಿ ತಿರುಗಿಸಿದ ಹಾಗೆಯೇ.

ಕೈ ತೊಳೆದುಕೊಂಡು, ಡಬ್ಬಿಯನ್ನು ಪಂಚೆಯ ಮೇಲಿಟ್ಟು ಮುಚ್ಚಳ ತೆಗೆದೆ. ಎರಡು ಬೆರಳಿನಲ್ಲಿ ಎತ್ತಿದೆ. ಒಣಗಿದ ಮಲ್ಲಿಗೆಯ ಎಸಳಿಗಿರುವ ತೂಕವೂ ಇಲ್ಲ.

"ಕ್ರಿಸ್ತರ ಶರೀರ."

ಅಕ್ಕ ಅಲುಗಲಿಲ್ಲ.

ಹೊರಗೆ ಗೂಡ್ಸ್ ಗಾಡಿಯೊಂದು ಬಂತು. ಕಿಟಕಿ ಅದುರಿತು, ಬತ್ತಿಯ ಉರಿ ಬಾಗಿತು. ಡಬ್ಬಿ ಡಬ್ಬಿಯಾಗಿ ಹೋಗುತ್ತಲೇ ಇತ್ತು. ಕೈ ಎತ್ತಿಕೊಂಡೇ ನಿಂತಿದ್ದೆ. ಕ್ಷಮಿಸು ಎಂದು ಹೇಳಲು ಹನ್ನೆರಡು ವರ್ಷ ಜೋಡಿಸಿಟ್ಟುಕೊಂಡ ಮಾತುಗಳಿದ್ದವು. ಒಂದೂ ನೆನಪಾಗಲಿಲ್ಲ. ಗಾಡಿಯ ಕೊನೆಯ ಡಬ್ಬಿ ದಾಟಿ, ಮನೆ ನಿಶ್ಶಬ್ದವಾದಾಗ ಬಾಯಿಗೆ ಬಂದದ್ದು ಇಷ್ಟೇ:

"ಅಕ್ಕಾ, ಈ ಸಲ ಓಡೋಗ್ಲಿಲ್ಲ ಕಣೇ. ತಂದಿದೀನಿ."

ಬಹಳ ಹೊತ್ತಾಯಿತು. ತಲೆ ದಿಂಬಿನ ಮೇಲೆ ಹೊರಳುವ ಸದ್ದು. ಅಕ್ಕನ ಕಣ್ಣು ನನ್ನ ಮುಖಕ್ಕೆ ಬರಲಿಲ್ಲ, ಕೈಯಲ್ಲಿದ್ದುದರ ಮೇಲೆ ನಿಂತಿತು. ತುಟಿ ಅಲುಗಿತು.

"ಆಮೆನ್."

ಭಾವ ಬಾಗಿಲ ಚೌಕಟ್ಟು ಹಿಡಿದುಕೊಂಡರು. ನಾನು ಬಗ್ಗಿದೆ. ಅಕ್ಕ ಬೆರಳೆತ್ತಿ ತಡೆದಳು.

"ಮುರಿ. ಇಡೀದು ಇಳಿಯಲ್ಲ. ಅರ್ಧ."

ಮುರಿದೆ. ಆ ಸದ್ದು ಇಷ್ಟೇ ಇಷ್ಟು, ಆದರೂ ನನ್ನ ಬೆನ್ನಹುರಿಯವರೆಗೂ ಕೇಳಿಸಿತು. ಅರ್ಧವನ್ನು ಅವಳ ನಾಲಿಗೆಯ ಮೇಲಿಟ್ಟು, ಚಮಚದಲ್ಲಿ ನೀರು ಬಿಟ್ಟೆ. ಗಂಟಲು ಏರಿತು. ಇಳಿಯಲಿಲ್ಲ. ಹೊಟ್ಟೆ ಒಮ್ಮೆ ಎಳೆಯಿತು. ಭಾವ ಬಟ್ಟಲು ಹಿಡಿದು ಓಡಿಬಂದರು. ಅಕ್ಕ ಕಣ್ಣು ಬಿಗಿಯಾಗಿ ಮುಚ್ಚಿ, ತುಟಿ ಕಚ್ಚಿ ಹಿಡಿದಳು. ನಾವಿಬ್ಬರೂ ಅವಳ ಗಂಟಲನ್ನೇ ನೋಡುತ್ತ ನಿಂತೆವು. ಮತ್ತೆ ಏರಿತು. ಇಳಿಯಿತು.

ಉಳಿದ ಅರ್ಧ ನನ್ನ ಅಂಗೈಯಲ್ಲಿತ್ತು. ಡಬ್ಬಿಗೆ ಹಾಕಲು ಹೋದೆ.

"ಅದು?" ಎಂದಳು ಅಕ್ಕ.

"ಫಾದರ್‌ಗೆ ವಾಪಸ್ ಕೊಡ್ತೀನಿ."

"ಪ್ರಸಾದಾನ ಯಾರಾದ್ರೂ ವಾಪಸ್ ತಗೊಂಡೋಗ್ತಾರೇನೇ. ನೀನ್ ತಗೋ."

"ನಾನು ತಗೊಂಡು ಹನ್ನೆರಡು ವರ್ಷ ಆಯ್ತಕ್ಕ."

ಆಗ ಮೊದಲ ಸಲ ನನ್ನ ಮುಖ ನೋಡಿದಳು. "ಯಾಕೆ?"

"ನೀನು ಮಾತಾಡ್ದೆ ಹೆಂಗ್ ತಗೊಳ್ಳಿ?"

ಅಕ್ಕನಿಗೆ ಉಸಿರು ಸಾಲಲಿಲ್ಲ. ಒಂದೊಂದೇ ಮಾತು ಎತ್ತಿಟ್ಟಳು. "ಈಗ... ಮಾತಾಡ್ತಾ ಇಲ್ವೇನೇ, ಪೆದ್ದಿ."

ನಾನು ಅಂಗೈಯನ್ನು ಬಾಯಿಗೆ ಒಯ್ಯುವಾಗ, "ತಾಳು," ಎಂದಳು. "ನೀನೇ ಹೇಳ್ಕೊಂಡು ನೀನೇ ತಿಂತೀಯಾ? ನಾನ್ ಹೇಳ್ತೀನಿ." ಸುಧಾರಿಸಿಕೊಂಡಳು. ಅವಳ ಎರಡು ಬೆರಳು ನನ್ನ ಮಣಿಕಟ್ಟಿನ ಮೇಲೆ ಬಂದು ಕೂತವು.

"ಕ್ರಿಸ್ತರ ಶರೀರ."

"ಆಮೆನ್," ಎಂದೆ.

ಆಮೇಲೆ ಡಬ್ಬಿಗೆ ಎರಡು ಚಮಚ ನೀರು ಹಾಕಿ ತೊಳೆದೆ. ಚೂರು ಉಳಿದಿರಬಾರದಲ್ಲ. ಆ ನೀರನ್ನು ಎಲ್ಲಿ ಹುಯ್ಯಲಿ ಎಂದು ಭಾವನನ್ನು ಕೇಳಿದೆ. "ಯಾರೂ ತುಳಿಯದ ಕಡೆ ಆಗ್ಬೇಕು." ಭಾವ ಹಿತ್ತಿಲ ಕಡೆ ಕೈ ತೋರಿಸಿದರು. ಅಕ್ಕ ಕಣ್ಣು ಮುಚ್ಚಿಕೊಂಡೇ ಹೇಳಿದಳು:

"ಕಡೂರಿಗೆ ತಗೊಂಡೋಗೇ. ಹೊಂಗೆ ಮರದ ಹತ್ರ."

ಖಾಲಿಯಾದ ಔಷಧಿ ಸೀಸೆಯೊಂದನ್ನು ಭಾವ ಬಿಸಿನೀರಿನಲ್ಲಿ ತೊಳೆದು ಕೊಟ್ಟರು. ನೀರನ್ನು ಅದಕ್ಕೆ ಹುಯ್ದು ಬಿರಡೆ ಬಿಗಿದೆ. ಎರಡು ಬೆರಳಿನಷ್ಟೂ ಎತ್ತರ ಬರಲಿಲ್ಲ. ಅಕ್ಕ ಅದನ್ನು ತನ್ನ ಕೈಗೆ ಕೇಳಿ ಪಡೆದು, ಎದೆಯ ಮೇಲಿಟ್ಟುಕೊಂಡು ಮಲಗಿದಳು. ನಾಲ್ಕು ಗಂಟೆಯ ಬಸ್ಸು ರಸ್ತೆಯಲ್ಲಿ ಹಾರ್ನ್ ಹೊಡೆದುಕೊಂಡು ಬಂದಾಗ ಅವಳ ಉಸಿರು ನಿಂತು ಸ್ವಲ್ಪ ಹೊತ್ತಾಗಿತ್ತು. ಸೀಸೆ ಅವಳ ಕೈಯಲ್ಲೇ ಇತ್ತು. ಬೆಚ್ಚಗಿತ್ತು.

ಮಣ್ಣು ಮುಗಿಸಿ, ಮಾರನೆಯ ದಿನ ಸೀಸೆಯನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡು ಸ್ಟೇಷನ್ನಿಗೆ ಹೋದೆ. ಟಿಕೆಟ್ ಕಿಟಕಿಯ ಒಳಗಿದ್ದವನು ಬೇರೇನೋ ಬರೆಯುತ್ತಿದ್ದ, ತಲೆ ಎತ್ತಲಿಲ್ಲ. ಕಿಟಕಿಗೆ ಬಾಯಿ ಹತ್ತಿರ ತಂದು, ಪ್ಲಾಟ್‌ಫಾರಂ ಕೊನೆಯವರೆಗೂ ಕೇಳಿಸುವಂತೆ ಹೇಳಿದೆ:

"ಕಡೂರಿಗೆ ಒಂದು."